ಕಾವಲುಕಾಳು ಸುಮ್ಮನಿತ್ತು

ಗುಳೇದಗುಡ್ಡ,
ಕ್ರಿ.ಶ. ೨೧೪೧, ಫೆಬ್ರವರಿ ೩೦

ನೂರಕ್ಕೂ ಹೆಚ್ಚು ವರ್ಷ ಹಿಂದೆ ಕುಳಿತು ಹೃದಯರೋಗದ ಅಧ್ಯಯನಗಳನ್ನು ರೂಪಿಸುತ್ತಿರುವ ಹಿರಿಯರೇ,

ತಾರೀಖನ್ನು ನೋಡಿ ಕೈತಪ್ಪೆಂದುಕೊಳ್ಳಬೇಡಿ. ನಾವು ಕ್ಯಾಲೆಂಡರ್ ತಿದ್ದಿ ಆಗಲೇ ಒಂದು ತಲೆಮಾರು ಕಳೆದಿದೆ. ಫೆಬ್ರವರಿಗೂ ಈಗ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆಯಿರಲಿ. ಉಳಿದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಶರಣಮ್ಮ ಬಣ್ಣದ. ರಕ್ತನಾಳಗಳ ಕಾಯಿಲೆಗಳನ್ನು ಅಭ್ಯಾಸ ಮಾಡುವುದು ನನ್ನ ಉದ್ಯೋಗ. ಬೇಸಿಗೆಯಲ್ಲಿ ಹಗಲು ಹೊತ್ತು ಬರಿದಲೆಯಲ್ಲಿ ನಡೆಯಲಾಗದ್ದರಿಂದ ನಮ್ಮೂರಿನ ಓಣಿಗಳಿಗೆ ಈ ಕೊನೆಯಿಂದ ಆ ಕೊನೆಯವರೆಗೆ ಬಿಳಿ ಹೊದಿಕೆ ಹಾಕಿದ್ದೇವೆ; ಇವನ್ನು ನೆರಳೋಣಿಗಳೆನ್ನುತ್ತೇವೆ. ಅವುಗಳಡಿ ತರಕಾರಿ ಮಾರುತ್ತಾರೆ, ಮಕ್ಕಳು ಆಡುತ್ತಾರೆ, ಮನೆಮನೆಯಿಂದ ಮಗ್ಗದ ಸದ್ದು ಬರುತ್ತದೆ. ರವಿಕೆಯ ಖಣ ನೇಯುವವರು ಇಲ್ಲಿ ಇನ್ನೂ ಇದ್ದಾರೆ. ನನ್ನ ಅಪ್ಪ ಮಹಾಂತಪ್ಪ, ಅವ್ವ ದಾನಮ್ಮ ಒಂದೇ ಕೋಣೆಯಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿಮಗ್ಗ ಹಾಕಿಕೊಂಡು, ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತು, ಆ ಸದ್ದಿನ ಮೇಲೆಯೇ ಜಗಳವಾಡುತ್ತ ಬಾಳಿದವರು.

ನಲವತ್ತು ತುಂಬಿದವರೆಲ್ಲರ ಕೊರಳೆಲುಬಿನ ಕೆಳಗೆ ಸರ್ಕಾರವೇ ಅಕ್ಕಿಕಾಳಿನಷ್ಟು ಸಣ್ಣ ಯಂತ್ರವೊಂದನ್ನು ಕೂಡಿಸುತ್ತದೆ. ಅದರ ಹೆಸರು ಕಾವಲುಕಾಳು. ರಕ್ತವನ್ನೂ ಎದೆಬಡಿತವನ್ನೂ ಸದಾ ಗಮನಿಸುತ್ತ, ಹೃದಯಾಘಾತದ ಮುನ್ಸೂಚನೆ ಸಿಕ್ಕೊಡನೆ ಅದು ಬಿಸಿಯಾಗುತ್ತದೆ, ಆಸ್ಪತ್ರೆಗೂ ಸುದ್ದಿ ಮುಟ್ಟಿಸುತ್ತದೆ. ಕೂಡಲೇ ಎದೆಬಂಡಿ, ಎಂದರೆ ಹೃದಯಚಿಕಿತ್ಸೆಯ ಗಾಡಿ, ಬಾಗಿಲಿಗೆ ಬರುತ್ತದೆ. ಅಪ್ಪನಿಗೆ ಹಾಗೆಯೇ ಆಯಿತು. ಮುಂಜಾನೆ ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿ, "ಎದ್ಯಾಗ ಏನೂ ಇಲ್ಲ, ಬರೇ ಕಾಳು ಸುಡಾಕತ್ತೈತಿ" ಎಂದರು. ತಟ್ಟೆ ತೊಳೆಯುವ ಮೊದಲೇ ಎದೆಬಂಡಿ ಬಂದಿತ್ತು. ಕೆಲವು ದಿನಗಳಲ್ಲಿ ಅವರು ಮತ್ತೆ ಮಗ್ಗಕ್ಕಿಳಿದರು. ಅಂದಿನಿಂದ ಅವ್ವ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುವಾಗ ತನ್ನ ಕಾಳಿರುವ ಜಾಗಕ್ಕೂ ಒಂದು ಬೆರಳು ಹಚ್ಚುತ್ತಿದ್ದಳು.

ಮರುವರ್ಷ ಅವ್ವನಿಗೆ ಸುಸ್ತು ಶುರುವಾಯಿತು. "ತೋಳು ಎತ್ತಾಕ ಆಗವಲ್ದು, ದವಡಿ ಜಗ್ಗತೈತಿ, ಊಟಾನೂ ಒಲ್ಲೆ ಅನಸ್ತೈತಿ" ಎನ್ನುತ್ತಿದ್ದಳು. ನಾನು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿದ್ದ ಯುವ ವೈದ್ಯರು ವಿಜಯೀಂದ್ರ ಒರಟರಲ್ಲ, ಅವ್ವನನ್ನು ಕೂರಿಸಿ ನೀರು ಕೊಟ್ಟರು. ಆದರೆ ನೋಡಿದ್ದು ಕಾಳನ್ನು ಮಾತ್ರ.

"ಕಾಳು ಏನೂ ತೋರಸ್ತಿಲ್ಲಮ್ಮ. ಇದು ಬಿಸಿಲಿನ ಬಳಲಿಕೆ. ನಾಲ್ಕು ದಿನ ಮಗ್ಗ ಬಿಡ್ರಿ."

"ಕಾಳು ಬಿಟ್ಟು ಅವ್ವನ್ನ ನೋಡ್ರಿ ಡಾಕ್ಟ್ರೇ" ಎಂದೆ.

"ಕಾಳು ಹೇಳದೆ ಹೃದಯದ ವಿಭಾಗಕ್ಕೆ ಕಳಸೂ ಹಂಗಿಲ್ಲ. ನಿಯಮ ನಿಮಗೂ ಗೊತ್ತೈತಲ್ಲ ಮೇಡಂ."

ನಾನು ವಾದಿಸಿದೆ, ಮೇಲಿನವರಿಗೂ ಹೇಳಿದೆ. ಕೊನೆಗೆ ಅವ್ವನೇ ನನ್ನ ಕೈ ಹಿಡಿದೆಳೆದಳು. "ಬಿಡವಾ, ನಿಮ್ಮಪ್ಪನ ಜೀವಾ ಉಳಿಸಿದ ಕಾಳು ನನಗ ಸುಳ್ಳು ಹೇಳತೈತೇನ?"

ಒಂದು ಮಧ್ಯಾಹ್ನ ಅವಳ ಮಗ್ಗ ನಿಂತಿತು. ನೂಲು ತುಂಡಾಗಿರಬೇಕೆಂದು ಅಪ್ಪ ತಿರುಗದೆಯೇ ಕೇಳಿದರು, "ಎಳಿ ಹರೀತೇನ?" ಉತ್ತರ ಬರಲಿಲ್ಲ. ಸಿಟ್ಟು ಮಾಡಿಕೊಂಡಿದ್ದಾಳೆಂದು ತಿಳಿದು ಅವರು ನೇಯುತ್ತಲೇ ಇದ್ದರು. ಬೆರಳಗಲ ಖಣ ಬೆಳೆಯುವಷ್ಟು ಹೊತ್ತು ಕಳೆದಮೇಲೆ ತಿರುಗಿ ನೋಡಿದರೆ ಅವ್ವ ಮಗ್ಗದ ಮೇಲೆಯೇ ಬಾಗಿದ್ದಳು. ಕಾಳಿನ ಜಾಗ ತಣ್ಣಗಿತ್ತು.

ಆಸ್ಪತ್ರೆಯವರು ಬಿಸಿಲಿನ ಬಳಲಿಕೆಯಿಂದ ಸಾವು ಎಂದು ಬರೆದರು. ನಾನು ಶವಪರೀಕ್ಷೆ ಆಗಲೇಬೇಕೆಂದೆ. ಬಂಧುಗಳು ಒಪ್ಪಲಿಲ್ಲ. ಅಪ್ಪ ತಲೆಯೆತ್ತಿದರು. "ಮಾಡ್ರಿ. ನನಗ ಹೇಳಿತು, ಆಕಿಗ್ಯಾಕ ಹೇಳಲಿಲ್ಲ? ನನಗ ಗೊತ್ತಾಗಬೇಕು."

ಗೊತ್ತಾಯಿತು. ಅವ್ವನ ಹೃದಯದ ದೊಡ್ಡ ರಕ್ತನಾಳಗಳು ತೆರೆದೇ ಇದ್ದವು. ಕೂದಲೆಳೆಯಂಥ ಸಣ್ಣ ನಾಳಗಳು ಬಹುಕಾಲದಿಂದ ಬಿಗಿದು, ಹೃದಯದ ಮಾಂಸ ಅಲ್ಲಲ್ಲಿ ಸತ್ತುಹೋಗಿತ್ತು. ಅಪ್ಪನ ಕಾಯಿಲೆ ಬಂದ ದಾರಿಯೇ ಬೇರೆ, ಅವ್ವನ ಕಾಯಿಲೆ ಬಂದ ದಾರಿಯೇ ಬೇರೆ. ಕಾಳು ಮೊದಲ ದಾರಿಯನ್ನಷ್ಟೇ ಕಾಯುತ್ತಿತ್ತು. ಆಮೇಲೆ ನಾನು ಸುತ್ತಲಿನ ಊರುಗಳಲ್ಲಿ ಬಿಸಿಲಿಗೆ ಸತ್ತರೆಂದು ಹೇಳಲಾದ ಹೆಂಗಸರ ಮನೆಗಳಿಗೆ, ಮಣ್ಣು ಮಾಡುವ ಮೊದಲೇ, ಹೋಗತೊಡಗಿದೆ. ಎಲ್ಲೆಡೆ ಅದೇ ಮಾತು: ದವಡೆ, ತೋಳು, ಸುಸ್ತು, ಓಕರಿಕೆ. ಶವಪರೀಕ್ಷೆಗೆ ಒಪ್ಪಿದ ಮನೆಗಳಲ್ಲಿ ಅದೇ ಸಣ್ಣ ನಾಳಗಳು. ಕಾಳು ಸುಮ್ಮನಿದ್ದುದರಿಂದ ಅವು ಹೃದಯದ ಸಾವುಗಳೆಂದು ಎಣಿಕೆಗೇ ಬಂದಿರಲಿಲ್ಲ. ಎಣಿಕೆಗೆ ಬಾರದ್ದರಿಂದ ಕಾಳನ್ನು ತಿದ್ದಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಕಾಳು ತಯಾರಿಸುವವರ ಬಳಿ ಹೋದೆ. ಅವರು ನನ್ನನ್ನು ಅಲ್ಲಗಳೆಯಲಿಲ್ಲ. "ನಾವು ಕಲಿತದ್ದನ್ನೇ ಕಾಳಿಗೆ ಕಲಿಸ್ತೇವೆ. ಈ ಕಾಯಿಲೆ ಕಾಳು ಕೂಡಿಸುವ ಮೊದಲೇ ಶುರುವಾಗುತ್ತದೆ. ಮೂವತ್ತರ ಹರೆಯದಿಂದ ಮುಪ್ಪಿನವರೆಗೆ ಬಿಡದೆ ತಪಾಸಣೆ ಮಾಡಿದ ಹೆಂಗಸರ ರಕ್ತದ, ಬಡಿತದ ಮಾಹಿತಿ ಕೊಡಿ, ನಾಳೆಯೇ ತಿದ್ದುತ್ತೇವೆ" ಎಂದರು. ಆ ಮಾಹಿತಿಯನ್ನು ಹುಡುಕುತ್ತ ನಾನು ಹಳೆಯ ದಾಖಲೆಗಳಲ್ಲಿ ಹಿಂದೆ ಹಿಂದೆ ಹೋಗಿ ನಿಮ್ಮ ಕಾಲಕ್ಕೆ ಬಂದೆ. ಕಾಳಿಗೆ ಮೂಲವಾದ ದೊಡ್ಡ ಅಧ್ಯಯನ ನಿಮ್ಮದು. ಅದರಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಇದೇನೂ ಗುಟ್ಟಲ್ಲ, ನಿಮ್ಮ ವರದಿಯಲ್ಲಿ ನೀವೇ ಬರೆದಿದ್ದೀರಿ: ಹೆಂಗಸರು ಬಸುರಾಗಬಹುದು, ಮನೆಗೆಲಸ ಬಿಟ್ಟು ಮರುತಪಾಸಣೆಗೆ ಬರಲಾರರು, ಮನೆಯವರು ಕಳಿಸಲಾರರು, ಅವರ ಸಂಗತಿಯನ್ನು ಮುಂದಿನ ಅಧ್ಯಯನದಲ್ಲಿ ನೋಡೋಣ. ನಿಮ್ಮ ನಂತರದವರೂ ಹಾಗೆಯೇ ಬರೆದರು, ಅವರ ನಂತರದವರೂ. ನಿಮ್ಮ ಅನುಕೂಲಕ್ಕೆ ಆಡಿದ ಒಂದು ಮಾತು ನಮ್ಮ ಮನೆಗೆ ಬರುವ ಹೊತ್ತಿಗೆ ನಿಯಮವಾಗಿತ್ತು.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೆಟ್ಟವರಾಗಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆ. ನೀವು ಜಾಣರು, ಕಷ್ಟಪಟ್ಟವರು, ನನ್ನ ಅಪ್ಪನನ್ನು ಉಳಿಸಿದವರು. ನಿಮ್ಮ ಮನೆಯಲ್ಲೂ ಅವ್ವಂದಿರು ಇದ್ದರು; ಅಡುಗೆಮನೆಯ ಬಾಗಿಲಿಗೆ ಒರಗಿ ತೋಳು ಒತ್ತಿಕೊಳ್ಳುತ್ತಿದ್ದಿರಬೇಕು. ನೀವು ಅವರ ಕೈಯಿಂದ ಚಹಾ ಇಸಿದುಕೊಂಡು ಅಧ್ಯಯನಕ್ಕೆ ಹೊರಟಿರಿ.

ಹೊಸ ಅಧ್ಯಯನ ಶುರುವಾಗಿದೆ. ವಿಜಯೀಂದ್ರ ತಾವಾಗಿಯೇ ಬಂದು ಸೇರಿದ್ದಾರೆ. "ನಿಮ್ಮವ್ವ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು ಮೇಡಂ, ನಂಬೋ ಅಪ್ಪಣೆ ಇರಲಿಲ್ಲ" ಎಂದರು. ನಾನು ಸಮಾಧಾನ ಹೇಳಲಿಲ್ಲ. ತಪಾಸಣೆಗೆ ಹೆಂಗಸರನ್ನು ಕರೆಯುವುದಿಲ್ಲ, ನಾವೇ ಮಗ್ಗದ ಮನೆಗಳಿಗೆ, ಹೊಲಗಳಿಗೆ ಹೋಗುತ್ತೇವೆ. ಅಷ್ಟೇ ಆಗಬೇಕಿದ್ದುದು. ಆದರೂ ಇಂದು ಹರೆಯದಲ್ಲಿರುವ ಹುಡುಗಿಯರು ಮುದುಕಿಯರಾಗುವವರೆಗೆ ಉತ್ತರ ಸಿಗದು, ಅದನ್ನು ನೋಡಲು ನಾನಿರುವುದಿಲ್ಲ. ನಮ್ಮಲ್ಲಿ ಎಲ್ಲ ಯಂತ್ರಗಳೂ ಇವೆ. ಕಳೆದುಹೋದ ವರ್ಷಗಳನ್ನು ತಯಾರಿಸುವ ಯಂತ್ರ ಮಾತ್ರ ಇಲ್ಲ.

ಅಪ್ಪ ಎಷ್ಟು ಹೇಳಿದರೂ ಕೇಳದೆ ತಮ್ಮ ಕಾಳನ್ನು ತೆಗೆಸಿಬಿಟ್ಟರು. "ಆಕಿಗಿಲ್ಲದ್ದು ನನಗೂ ಬ್ಯಾಡ" ಎಂದರು. ಈಗ ಅವರು ಎದೆ ನೀವಿಕೊಂಡಾಗಲೆಲ್ಲ ನಾನು ಓಡಿಹೋಗಿ ನೋಡುತ್ತೇನೆ.

ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ನಿಮ್ಮ ಮುಂದಿನ ಅಧ್ಯಯನದ ಮೊದಲ ದಿನವೇ ಹೆಂಗಸರನ್ನು ಸೇರಿಸಿಕೊಳ್ಳಿ. ಬರಲಾರದವರ ಮನೆಗೆ ಹೋಗಿ. ಮುಂದಿನ ಸಲ ಎನ್ನಬೇಡಿ.

ಹಿರಿಯರಿಗೆ ಬರೆದ ಪತ್ರವನ್ನು ನಮಸ್ಕಾರದಿಂದ ಮುಗಿಸುವುದು ನಮ್ಮಲ್ಲಿ ಇಂದಿಗೂ ಉಳಿದಿರುವ ರೂಢಿ. ಅವ್ವ ಅದನ್ನು ನನಗೆ ಕಲಿಸಿದ್ದಳು. ಈ ಪತ್ರದಲ್ಲಿ ಅದನ್ನು ಬರೆಯುತ್ತಿಲ್ಲ.

ಶರಣಮ್ಮ