ಚಾವಡಿಯ ನಾಲ್ಕನೆಯ ಕಂಬ

೧೨ ಮೇ ೧೯೬೮, ಭಾನುವಾರ

ಪೈಪಿನ ಬಾಬ್ತು ಇವತ್ತಿಗೆ ಮುಗಿಯಿತು. ಕೂಡಿಸಿದೆ.

ಬೀಡುಕಬ್ಬಿಣದ ಪೈಪು, ಮಂಗಳೂರಿಂದ ಲಾರಿ ಬಾಡಿಗೆ ಸೇರಿ — ಮುನ್ನೂರ ಹದಿನೆಂಟು. ಪಿಂಗಾಣಿ ತಟ್ಟೆ, ಅದರ ಕೆಳಗಿನ ಬಾಗು — ತೊಂಬತ್ತು. ಹಿತ್ತಲ ಗುಂಡಿ, ಚಪ್ಪಡಿ — ಇನ್ನೂರ ನಲವತ್ತು. ಭೋಜರಾಜನ ಮಜೂರಿ ಸೊನ್ನೆ, ಅಕ್ಕನ ಮಗ, ಬೊಂಬಾಯಿಯಲ್ಲಿ ಪೈಪಿನ ಕೆಲಸ ಕಲಿತು ಬಂದವನು. ಆದರೆ ಅವನ ಚಾ, ಸಿಗರೇಟು, ಕುಂದಾಪುರದಲ್ಲಿ ಸಿನೆಮಾ... ಒಟ್ಟು ಏಳುನೂರು ಚಿಲ್ಲರೆ. ಈ ದುಡ್ಡಿಗೆ ನನ್ನ ಹೋಟೆಲಿಗೆ ಹೊಸ ಮೇಜು ಕುರ್ಚಿ ಬರುತ್ತಿತ್ತು. ಇರಲಿ. ತಲ್ಲೂರಿನಲ್ಲಿ ಮಾಳಿಗೆಯ ಮೇಲೆ ಕಕ್ಕಸು ಇರುವ ಮನೆ ನನ್ನದೊಂದೇ. ಬೊಂಬಾಯಿಯಲ್ಲಿ ಲೋಟ ತೊಳೆದ ನನ್ನಂಥವನಿಗೆ ಇಷ್ಟು ಜಂಬ ಇರಬಹುದು.

ಜಂಬಕ್ಕೆ ಮಾಡಿಸಿದ್ದಲ್ಲ, ಅದನ್ನೂ ಬರೆದಿಡುತ್ತೇನೆ. ಗುಲಾಬಿ ಅಕ್ಕನಿಗೆ ಉಬ್ಬಸ. ಕಿರಿಮಂಜೇಶ್ವರದ ಹಳೆ ಮನೆಯಲ್ಲಿ ಮಳೆ ಇರಲಿ, ಗಾಳಿ ಇರಲಿ, ಕಕ್ಕಸಿಗೆ ಹೊರಗೆ ಹಾಡಿಯ ಮರಗಳ ಮರೆಗೇ ಹೋಗಬೇಕು. ಒಮ್ಮೆ ನೆನೆದರೆ ವಾರಗಟ್ಟಲೆ ಕುಳಿತೇ ನಿದ್ದೆ. ನೆಲದ ಥಂಡಿಯೂ ಆಗದು. ಅದಕ್ಕೇ ಮಾಳಿಗೆಯ ಕೋಣೆ, ಪಕ್ಕದಲ್ಲೇ ಕಕ್ಕಸು, ಬಚ್ಚಲು. ಬರುತ್ತೇನೆ ಎಂದಿದ್ದಾಳೆ. ಅಬ್ಬಿ, ನಮ್ಮ ತಾಯಿ, ಸತ್ತಾಗ ನನಗೆ ನಾಲ್ಕು ವರ್ಷ. ಸೊಂಟದ ಮೇಲೆ ಹೊತ್ತು ಸಾಕಿದವಳು. ನನಗೆ ಮದುವೆಗೆ ಪುರುಸೊತ್ತು ಸಿಗಲಿಲ್ಲ. ಮನೆ ಅಂತ ಆದರೆ ಅದು ಅಕ್ಕನದೇ.

೨೦ ಮೇ, ಸೋಮವಾರ

ನಿನ್ನೆ ಮನೆ ಒಕ್ಕಲು. ಚೆನ್ನಾಗಿಯೇ ಆಯಿತು.

ಬೈಂದೂರಿನ ನೆಂಟರೊಬ್ಬರು ಚಾವಡಿಯ ಕಂಬಗಳನ್ನು ತಟ್ಟಿ ತಟ್ಟಿ ನೋಡಿದರು. ನಾಲ್ಕನೆಯದಕ್ಕೆ ಬಂದಾಗ ಕೈ ಹಿಡಿದು ಪಾನಕಕ್ಕೆ ಎಳೆದುಕೊಂಡು ಹೋದೆ.

ಏಕೆಂದರೆ ಅದು ಕಂಬವಲ್ಲ. ಕಕ್ಕಸಿನ ಪೈಪು ಮೇಲಿಂದ ಇಳಿಯುವುದು ಅದರೊಳಗೆ. ಬೇರೆ ದಾರಿ ಎಲ್ಲಿತ್ತು? ಪಡುಗೋಡೆಯ ಹೊರಗೆ ನಾಗಬನ. ತೆಂಕು ಬದಿಗೆ ಬಾವಿ. ಬಡಗು ಬದಿಗೆ ಅಡುಗೆಮನೆ. ಮೂಡಣ ಗೋಡೆ ರಸ್ತೆಗೆ — ಬಸ್ಸಿನಲ್ಲಿ ಹೋಗುವವರೆಲ್ಲ ನೋಡಿ ನಗಲಿಕ್ಕೆ ಏಳುನೂರು ಖರ್ಚು ಮಾಡಬೇಕೇ? ಚಾವಡಿಗೆ ಮೂರು ಕಂಬ ಹೇಗೂ ಇತ್ತು. ಕೆಂಪುಕಲ್ಲಿನಲ್ಲಿ ಟೊಳ್ಳಾಗಿ ನಾಲ್ಕನೆಯದು ಕಟ್ಟಿಸಿದೆ. ಗಾರೆ, ಬಣ್ಣ. ಮಂಜಯ್ಯ ಮೇಸ್ತ್ರಿಯ ಕೈ ಒಳ್ಳೆಯದು, ಗುರುತೇ ಸಿಗುವುದಿಲ್ಲ.

ಒಂದು ಮಾತ್ರ ಹಿಂದುಮುಂದಾಯಿತು. ಪುರೋಹಿತರು ಕಂಬಕ್ಕೆ ಮುಹೂರ್ತ ಇಟ್ಟರು. ಆ ದಿನಕ್ಕೆ ಪೈಪು ಮಂಗಳೂರು ಬಿಟ್ಟಿರಲಿಲ್ಲ. ಮುಹೂರ್ತ ಬಿಡಲು ಆಗುತ್ತದೆಯೇ? ಕಂಬ ಮೊದಲು ಎದ್ದಿತು. ಪೈಪನ್ನು ಆಮೇಲೆ ಮೇಲಿನಿಂದ ಒಂದೊಂದಾಗಿ ಇಳಿಬಿಟ್ಟರು, ಬಾವಿಗೆ ಕೊಡಪಾನ ಬಿಟ್ಟ ಹಾಗೆ.

ಅಕ್ಕನಿಗೆ ಹೇಳಿಲ್ಲ. ಚಾವಡಿಯ ನಡುವೆ ಅದು ಇಳಿಯುತ್ತದೆ ಎಂದರೆ ಈ ಮನೆಗೆ ಬರುವುದಿಲ್ಲ. ಭೋಜರಾಜನಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದೇನೆ.

೨ ಜುಲೈ, ಮಂಗಳವಾರ

ಮಳೆ ಹಿಡಿದು ಹೊಡೆಯುತ್ತಿದೆ. ಅಕ್ಕನಿಗೆ ಈ ವರ್ಷ ಉಬ್ಬಸ ಇಲ್ಲ. ಮಾಳಿಗೆಯಿಂದ ಹಾಡು ಗುನುಗುವುದು ಕೇಳಿದೆ. ನಾನು ಕೇಳಿದ್ದು ಗೊತ್ತಾದರೆ ನಿಲ್ಲಿಸುತ್ತಾಳೆ ಎಂದು ಮೆಟ್ಟಿಲಲ್ಲೇ ನಿಂತೆ.

ಇಳಿದು ಬಂದವಳು ನಾಲ್ಕನೆಯ ಕಂಬದ ಹತ್ತಿರ ನಿಂತಳು.

"ಉಮಾನಾಥ, ಈ ಕಂಬ ಎಂತಕ್ಕೆ ಬೆವರೂದ್? ಮಾಡಿನ ಹಂಚ್ ಸೋರತ್ತಾ ಕಾಣ್."

"ಹೊಸ ಗಾರೆ ಅಲ್ದಾ ಅಕ್ಕ. ಒಣಗುಕೆ ಒಂದ್ ವರ್ಷ ಬೇಕ್."

"ಒಂಥರಾ ವಾಸ್ನೆ."

"ಸಿಮೆಂಟಿಂದ್."

ನಂಬಿದಳು. ನಾನು ಮಾತಿನಲ್ಲೇ ಬದುಕಿದವನು, ಅಕ್ಕನನ್ನು ನಂಬಿಸುವುದು ಏನು ದೊಡ್ಡದು.

೪ ಜುಲೈ

ಭೋಜರಾಜನನ್ನು ಹೋಟೆಲಿಗೆ ಕರೆಸಿದೆ. ಒಳಗಿನ ಕೋಣೆಯಲ್ಲಿ ಕೂರಿಸಿದೆ.

"ಎಂತ ಮಾಡಿಟ್ಟದ್ದ್ ನೀನ್?"

"ನಾ ಹೇಳಿದ್ನಲೆ ಮಾವ, ಪೈಪ್ ಮೊದ್ಲ್, ಕಂಬ ಆಮೇಲೆ ಅಂದೇಳಿ. ಪೈಪ್ ಪೈಪಿನ ಸಂದಿಗೆ ನಾರ್ ತುಂಬಿ ಸೀಸ ಕರಗ್ಸಿ ಹೊಯ್ಕ್. ಕಂಬದೊಳ್ಗೆ ನನ್ ಕೈಯೇ ಹೋತಿಲ್ಲೆ, ಹೊಯ್ಯೂದ್ ಹ್ಯಾಂಗೆ? ಒಂದ್ರ ಮೇಲ್ ಒಂದ್ ಕೂರ್ಸಿದೆ, ಅಷ್ಟೇ."

"ಬೊಂಬಾಯಂಗೆ ನಾಕ್ ವರ್ಷ ಎಂತ ಕಲ್ತದ್ದ್ ಹಂಗಾರೆ?"

"ಬೊಂಬಾಯಂಗೆ ಯಾರೂ ಕಂಬಕ್ಕೆ ಮುಹೂರ್ತ ಇಡೂದಿಲ್ಲೆ ಮಾವ."

ನಗು ಬಂತು. ಅದು ತಪ್ಪಾಯಿತು, ನಕ್ಕ ಮೇಲೆ ಬಯ್ಯಲು ಆಗಲಿಲ್ಲ.

ಒಡೆಯುವ, ತನ್ನ ಅಬ್ಬಿಗೆ ಹೇಳಿಯೇ ಮಾಡುವ ಎಂದ. ಹೇಳಿದರೆ ಅವಳು ಇಲ್ಲಿ ನಿಲ್ಲುವುದಿಲ್ಲ ಎಂದೆ. ಈ ಮಳೆಯಲ್ಲಿ ಮತ್ತೆ ಆ ಹಾಡಿಗೆ ಹೋಗಬೇಕೇ ಅವಳು? ಮಳೆಗಾಲ ಕಳೆಯಲಿ, ಅವಳು ನೆಂಟರ ಮನೆಗೆ ಹೋದಾಗ ಒಡೆಯುವುದು ಎಂದಾಯಿತು. ಅಲ್ಲಿಯವರೆಗೆ ಮೇಲಿನಿಂದ ಗಾರೆ. ಸಿಮೆಂಟು ಅರ್ಧ ಚೀಲ.

೨೬ ಸೆಪ್ಟೆಂಬರ್, ಗುರುವಾರ

ಇವತ್ತು ಹೊಸ್ತು, ಹೊಸ ಬೆಳೆಯ ಹಬ್ಬ.

ಗದ್ದೆಯಿಂದ ಭತ್ತದ ಕದಿರು ಬಂತು. ಕಿರಿಮಂಜೇಶ್ವರದವರೂ ಬಂದಿದ್ದರು, ಚಾವಡಿ ತುಂಬ ಜನ. ಹೊಸ ಮನೆಯ ಮೊದಲ ಹೊಸ್ತು, ಹಿರಿಯಳು ಅಕ್ಕ, ಕಟ್ಟುವುದು ಅವಳ ಕೈ. ಮಿಂದು, ಹೊಸ ಕೋಡಿ ಸೀರೆ ಉಟ್ಟು, ಮಾವಿನೆಲೆ ಹಲಸಿನೆಲೆಯಲ್ಲಿ ಕದಿರು ಸುತ್ತಿ, ನಾರಿನಲ್ಲಿ ಕಟ್ಟುತ್ತಾ ಬಂದಳು. ಬಾಗಿಲಿಗೆ. ಭತ್ತ ತುಂಬುವ ಪತ್ತಾಯಕ್ಕೆ. ಬಾವಿಯ ದಂಡೆಗೆ. ಮತ್ತೆ ಚಾವಡಿಗೆ.

ಮೊದಲ ಕಂಬ. ಎರಡನೆಯದು. ಭೋಜರಾಜ ನನ್ನ ಮುಖ ನೋಡಿದ. ನಾನು ತಲೆ ಎತ್ತಿ ಮಾಡು ನೋಡಿದೆ.

ಮೂರನೆಯದು.

ಏನಾದರೂ ಹೇಳಬಹುದಿತ್ತು. ಕದಿರು ಸಾಕಾಗುವುದಿಲ್ಲ ಅನ್ನಬಹುದಿತ್ತು. ಗಾರೆ ಹಸಿ ಅನ್ನಬಹುದಿತ್ತು. ಹೋಟೆಲಿನ ಗಲ್ಲೆಯ ಮೇಲೆ ಕುಳಿತರೆ ಪೊಲೀಸಿನವರಿಗೂ ಎದುರು ಮಾತಾಡುವ ಬಾಯಿ... ಬರಲಿಲ್ಲ. ನೆಂಟರೆಲ್ಲ ನೋಡುತ್ತಿದ್ದರು. ಇಷ್ಟಕ್ಕೆ ಏನಾಗುತ್ತದೆ, ಒಂದು ತೆನೆ, ಒಂದು ನಾರು ಎಂದುಕೊಂಡೆ.

ನಾಲ್ಕನೆಯ ಕಂಬಕ್ಕೆ ಉಳಿದೆಲ್ಲದಕ್ಕಿಂತ ದೊಡ್ಡ ಕಟ್ಟು ಕಟ್ಟಿದಳು. ಎರಡು ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಇದ್ ಪಾಪ, ಮಳಿಯಂಗೆ ಬೆವರಿ ಬೆವರಿ ನಿಂತ ಕಂಬ" ಎಂದಳು. ಎಲ್ಲರೂ ನಕ್ಕರು.

ಊಟಕ್ಕೆ ಕುಳಿತಾಗ ರೂಢಿಯಂತೆ ಹಿರಿಯಳ ಅಪ್ಪಣೆ ಕೇಳಿದೆ — "ಹೊಸ್ತ್ ಉಂತೆ ಅಕ್ಕ."

"ಉಣ್ಣ್ ಮಗಾ" ಎಂದಳು.

ಹೊಸ ಅಕ್ಕಿಯ ಅನ್ನ. ಕಂಬಕ್ಕೆ ಬೆನ್ನು ಮಾಡಿ ಉಂಡೆ.

೯ ಅಕ್ಟೋಬರ್, ಬುಧವಾರ

ಸಂಜೆ ಮನೆಗೆ ಬಂದರೆ ಅಕ್ಕ ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ಪಕ್ಕದಲ್ಲಿ ಬಟ್ಟೆಯ ಗಂಟು. ಕೆಲಸದ ಸೀತು ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದಾಳೆ.

ನಡೆದದ್ದು ಇಷ್ಟು. ಕಂಬ ಮತ್ತೆ ಒದ್ದೆಯಾಗಿತ್ತು. ನನಗೆ ತೊಂದರೆ ಯಾಕೆ ಎಂದು ಅಕ್ಕನೇ ಸೀತುವನ್ನು ಕಳಿಸಿ ಮಂಜಯ್ಯ ಮೇಸ್ತ್ರಿಯನ್ನು ಕರೆಸಿದಳು — ಮಾಡು ಎಲ್ಲಿ ಸೋರುತ್ತದೆ ನೋಡು ಎಂದು. ಅವನಿಗೇನು ಗೊತ್ತು ಇವಳಿಗೆ ತಿಳಿದಿಲ್ಲ ಎಂದು. "ಮಾಡ್ ಅಲ್ದೆ ಒಡ್ತಿ, ಒಳ್ಗಿನ ಕಕ್ಕಸ್ ಪೈಪ್. ಶೆಟ್ರ್ ಹೇಳ್ಲಿಲ್ಯಾ?" ಎಂದನಂತೆ.

ಅವಳು ಮೇಸ್ತ್ರಿಗೆ ಚಾ ಕೊಟ್ಟು ಕಳಿಸಿದಳಂತೆ. ಆಮೇಲೆ ಆ ಕಂಬದ ಕದಿರನ್ನು ತಾನೇ ಬಿಚ್ಚಿ, ತೆಂಗಿನ ಬುಡಕ್ಕೆ ಹಾಕಿ, ಬಾವಿಕಟ್ಟೆಯಲ್ಲಿ ತಣ್ಣೀರು ಮಿಂದಳಂತೆ. ಉಬ್ಬಸದವಳು.

"ಅಕ್ಕ, ನಾಳೆಯೇ ಒಡೆಸ್ತೆ. ಹೊರಗಿಂದ ತೆಗಿಸ್ತೆ" ಎಂದೆ.

"ಪೈಪ್ ಮೇಲೆ ನಂಗೆ ಸಿಟ್ಟ್ ಇಲ್ಲೆ. ಮೇಲಿಂದ ಇಳ್ದ್ ಹೋಪುಕೆ ಅದಕ್ಕೂ ಒಂದ್ ದಾರಿ ಬೇಕಲ್ದಾ." ಉಸಿರು ಎಳೆಯುತ್ತಿತ್ತು. "ಈ ಕೈಯಂಗೆ ಕದಿರ್ ಕಟ್ದೆ. ಯಾವ್ದಕ್ಕೆ ಕಟ್ತಾ ಇದ್ದೆ ಅಂದೇಳಿ ನಂಗೆ ಗೊತ್ತಿರ್ಲಿಲ್ಲೆ. ನಿಂಗೆ ಗೊತ್ತಿತ್ತ್. ಕಾಣ್ತಾ ನಿಂತಿದ್ದೆ ನೀನ್."

"ಹೇಳ್ರೆ ನೀ ಬತ್ತಿರ್ಲಿಲ್ಲೆ ಅಕ್ಕ."

"ಯಾರ್ ಹೇಳ್ದ್ ನಿಂಗೆ? ಒಂದ್ ಸಲ ಕೇಂಡಿದ್ಯಾ?"

ಕೇಳಿರಲಿಲ್ಲ.

ಕೊನೆಯ ಬಸ್ಸಿಗೆ ಅಕ್ಕ ಹೊರಟಳು, ಭೋಜರಾಜ ಜೊತೆಗೆ ಹೋದ. ಬಟ್ಟೆಯ ಗಂಟನ್ನು ಅವನ ಕೈಗೂ ಕೊಡಲಿಲ್ಲ.

೧೩ ಅಕ್ಟೋಬರ್, ಭಾನುವಾರ

ಕಿರಿಮಂಜೇಶ್ವರಕ್ಕೆ ಹೋಗಿ ಬಂದೆ. ಅಕ್ಕ ಹೊರಗಿನ ಜಗಲಿಯಲ್ಲಿ ದಿಂಬಿಗೆ ಒರಗಿ ಕುಳಿತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ.

ಚಾ ಕೊಟ್ಟಳು. ಹೋಟೆಲು ಹೇಗಿದೆ ಕೇಳಿದಳು. ಎಲ್ಲ ಕೇಳಿದಳು, ಮನೆಯ ವಿಷಯ ಒಂದು ಬಿಟ್ಟು.

ಇಲ್ಲೇ ಹಿತ್ತಲಲ್ಲಿ ಒಂದು ಕಕ್ಕಸು ಕಟ್ಟಿಸಿಕೊಡುತ್ತೇನೆ, ಹಾಡಿಗೆ ಹೋಗುವುದು ಬೇಡ ಎಂದೆ.

"ಈ ಮನಿಯಂಗೆ ಪಾಲ್ ಇದ್ದೋರ್ ಸುಮಾರ್ ಜನ. ನನ್ ಸಲುವಾಗಿ ಅವ್ರ್ ಹತ್ರ ಕೇಳುಕೆ ಹೋಯ್ಬೇಡ."

"ಹಂಗಾರೆ ಮನಿಗೆ ಬಾ."

ದಿಂಬು ಸರಿಮಾಡಿಕೊಂಡಳು. "ಬಪ್ಪುಕೆ ಅಡ್ಡಿಲ್ಲೆ. ಆರೆ ಇನ್ ನೀ ಎಂತ ಹೇಳ್ರೂ ಹೌದಾ ಅಲ್ದಾ ಅಂದೇಳಿ ತಿರ್ಗಿ ಕಾಂಬುದಾತ್ತ್. ಆ ಬದ್ಕ್ ಬ್ಯಾಡ ನಂಗೆ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಎದ್ದು ಬಂದೆ.

ನವೆಂಬರ್, ತಾರೀಕು ನೋಡಿಲ್ಲ

ಕಂಬ ಒಡೆಸಿದೆ. ಒಳಗೆ ಸಂದು ಸಂದೂ ಬಾಯಿ ಬಿಟ್ಟಿತ್ತು. ಈಗ ಪೈಪು ರಸ್ತೆಯ ಕಡೆ ಗೋಡೆಯ ಮೇಲೆ, ಸೀಸ ಹೊಯ್ದು, ಸರಿಯಾಗಿ. ಬಸ್ಸಿನವರು ನೋಡುತ್ತಾರೆ. ಯಾರೂ ನಗಲಿಲ್ಲ. ಮೂವರು ಬಂದು ಹೇಗೆ ಮಾಡಿಸಿದಿರಿ ಎಂದು ಕೇಳಿ ಹೋದರು.

೮ ಜೂನ್ ೧೯೬೯, ಭಾನುವಾರ

ಮಳೆ ಶುರು. ಬೆಳಿಗ್ಗೆಯಿಂದ ಬಿಟ್ಟಿಲ್ಲ. ಹೋಟೆಲಿಗೆ ಹೋಗಲಿಲ್ಲ. ಕುಳಿತು ಕೂಡಿಸಿದೆ, ಯಾರಿಗೆ ಏನು ಬಂತು.

ಮಂಜಯ್ಯನಿಗೆ: ಕಂಬ ಕಟ್ಟಿದ ಕೂಲಿ, ಒಡೆದ ಕೂಲಿ.

ಸೀತುವಿಗೆ: ಮಾಳಿಗೆಗೆ ನೀರು ಹೊರುವ ಕೆಲಸ ತಪ್ಪಿತು. ನಾನು ಕೆಳಗೇ ಮಲಗುತ್ತೇನೆ.

ಭೋಜರಾಜನಿಗೆ: ಕಸುಬು. ಬ್ರಹ್ಮಾವರದವರೆಗೆ ಕರೆಯುತ್ತಾರೆ. ಪೈಪು ಹೊರಗೆ ಕಾಣುವ ಹಾಗೆ ಹಾಕುವುದಾದರೆ ಮಾತ್ರ ಬತ್ತೆ ಅನ್ನುತ್ತಾನಂತೆ.

ನೆಂಟರಿಗೆ: ಮದುವೆ ಮನೆಗಳಲ್ಲಿ ಹೇಳಿಕೊಂಡು ನಗಲು ಒಂದು ಕಥೆ.

ನನಗೆ: ಮಾಳಿಗೆಯ ಮನೆ. ಬಾಗಿಲು ಹಾಕಿದ ಕೋಣೆ, ಅದರ ಪಕ್ಕ ಒಂದು ಹನಿ ಸೋರದ ಕಕ್ಕಸು.

ಅಕ್ಕನಿಗೆ: ಹಾಡಿಗೆ ಹೋಗಲು ಒಂದು ಹೊಸ ಕೊಡೆ. ಮೊನ್ನೆ ನಾನೇ ಭೋಜರಾಜನ ಕೈಯಲ್ಲಿ ಕಳಿಸಿದ್ದು. ಇಸ್ಕೊಂಡಳು ಎಂದ. ಬಿಚ್ಚಿದಳೋ ಎಂದು ಕೇಳಿದೆ, ಅವನು "ಬಿಚ್ಚಿ ಬೆಳ್ಕಿಗೆ ಹಿಡ್ದ್ ಕಂಡ್ಳ್ ಮಾವ, ತೂತ್ ಇತ್ತಾ ಅಂದೇಳಿ" ಎಂದ.