ಬುಟ್ಟಿಯಲ್ಲಿ ಉಳಿದ ಊಟ

ಅವ್ವಾ,

ಓದಲು ಬಾರದ ನಿನಗೆ ಕಾಗದ ಬರೆಯಲು ಕೂತಿದ್ದೇನೆ, ನಗಬೇಡ. ಬನಶಂಕರಿ ಗುಡಿಯ ಮುಂದೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದವಳು ನೀನು. ಊಟಕ್ಕೆ ಬರುತ್ತಿದ್ದ ಸಾಲಿ ಮಾಸ್ತರರಿಗೆ ಪಲ್ಯ ತುಸು ಹೆಚ್ಚೇ ಹಾಕಿ, "ನಮ್ಮ ಗಂಗಿಗೂ ನಾಕ ಅಕ್ಷರ ಹೇಳಿಕೊಡ್ರಿ ಮಾಸ್ತರ, ನಿಮಗ ಪುಣ್ಯಾ ಬರ್ತೈತಿ" ಎಂದು ಬೆನ್ನು ಹತ್ತಿದ್ದವಳೂ ನೀನೇ. ಆ ಅಕ್ಷರಗಳು ಇಷ್ಟು ವರ್ಷ ಯಾವ ಕೆಲಸಕ್ಕೂ ಬರಲಿಲ್ಲ. ಇಳಕಲ್ಲಿನ ನೇಕಾರರ ಮನೆಗೆ ಬಂದ ಸೊಸೆ ನೂಲು ಸುತ್ತಬೇಕು, ರೊಟ್ಟಿ ಬಡಿಯಬೇಕು. ಓದು ಯಾರಿಗೆ ಬೇಕು? ಇವತ್ತು ಬೇಕಾಯಿತು. ಸತ್ತವರಿಗೆ ಓದು ಬರುತ್ತದೆಯೋ ಇಲ್ಲವೋ ನಾನರಿಯೆ. ಬಾರದಿದ್ದರೆ ಅಲ್ಲಿಯೂ ಯಾರಾದರೂ ಹಸಿದ ಮಾಸ್ತರರು ಇದ್ದೇ ಇರುತ್ತಾರೆ, ಓದಿಸಿಕೊ. ನಾಳೆ ಹಿರಿಯರ ಅಮಾವಾಸ್ಯೆ. ಅಷ್ಟರೊಳಗೆ ನಿನ್ನನ್ನು ಒಂದು ಮಾತು ಕೇಳಬೇಕಾಗಿದೆ.

ನೆನಪಿದೆಯೇ, ಸಂಜೆ ನೀನು ತಲೆಯ ಮೇಲಿನ ಬುಟ್ಟಿ ಇಳಿಸುವ ಮೊದಲೇ ನಾನು ಅರಿವೆ ಎತ್ತಿ ಇಣುಕುತ್ತಿದ್ದದ್ದು? ನೀನು ಕೈ ಮೇಲೆ ಪಟ್ ಎಂದು ಹೊಡೆಯುತ್ತಿದ್ದೆ. "ಏನು ಉಳದೈತಿ ಅಂತ ನೋಡಬಾರದು ಗಂಗಿ. ಇವತ್ತ ಯಾವ ಊಟ ಅಂತ ಕೇಳಬೇಕು." ಬಾದಾಮಿ ಸ್ಟೇಶನ್ನಿನಿಂದ ಬಂಡಿ ಮಾಡಿಕೊಂಡು ಬಂದ ಭಕ್ತರು ಏನನ್ನು ತಿಂದು ಏನನ್ನು ಬಿಟ್ಟರೋ, ಅದರ ಮೇಲೆ ನಮ್ಮ ರಾತ್ರಿಯ ಊಟ. ಒಂದು ದಿನ ಪಲ್ಯ ಉಳಿದು ರೊಟ್ಟಿ ತೀರಿರುತ್ತಿತ್ತು. ಇನ್ನೊಂದು ದಿನ ಬರೀ ಖಾರದ ಹಿಂಡಿ ಪುಡಿ, ಜೊತೆಗೆ ಯಾರೋ ಪುಣ್ಯಾತ್ಮರು ಕೊಟ್ಟ ಪ್ರಸಾದದ ಬಾಳೆಹಣ್ಣು. ನೀನು ಒಂದು ಕ್ಷಣ ಬುಟ್ಟಿಯನ್ನು ನೋಡಿ, ದೊಡ್ಡ ಅಡುಗೆಯವಳ ಹಾಗೆ ಸೆರಗು ಸಿಕ್ಕಿಸಿ, ಬಾಳೆಹಣ್ಣು ಸೀಳಿ, ನಡುವೆ ಅಗಸಿ ಹಿಂಡಿ ತುಂಬಿ ಕೈಗಿಡುತ್ತಿದ್ದೆ. "ಇದಕ್ಕ ಪೂಜಾರಿ ಸಿಟ್ಟು ಅಂತಾರ. ಮೊದಲ ಸಿಹಿ, ಆಮ್ಯಾಲೆ ಐತಿ ನೋಡ." ತಿಂದು ಬಾಯಿ ಉರಿದು ನಾನು ಕುಣಿದರೆ ನಿನ್ನ ನಗು ಓಣಿಯ ಕೊನೆಯವರೆಗೂ ಕೇಳುತ್ತಿತ್ತು.

ಶುಕ್ರವಾರ ಹೋಳಿಗೆ ಉಳಿದರೆ ನನ್ನ ಪಾಲಿಗೆ ಅದೇ ಹಬ್ಬ. ಹಾಲು ತುಪ್ಪ ಎಲ್ಲಿಂದ ಬರಬೇಕು? ಪುಂಡಿಪಲ್ಯ ಮಾತ್ರ ನಮ್ಮಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಹೋಳಿಗೆಯ ಮೇಲೆ ಆ ಹುಳಿ ಪಲ್ಯವನ್ನು ತೆಳ್ಳಗೆ ಬಳಿದು ಸುರುಳಿ ಸುತ್ತಿ ಕೊಡುತ್ತಿದ್ದೆ. ಬೆಲ್ಲ ಒಂದು ಕಡೆ ಎಳೆಯುತ್ತದೆ, ಹುಳಿ ಒಂದು ಕಡೆ. ನಡುವೆ ಬೆಳ್ಳುಳ್ಳಿ ಬೇರೆ ಬಾಯಿ ಹಾಕುತ್ತದೆ. ಕಡೆಗೆ ಎಲ್ಲರೂ ರಾಜಿಯಾಗಿ ಗಂಟಲಲ್ಲಿ ಇಳಿಯುತ್ತಾರೆ. ಅದರ ಹೆಸರು 'ಬೀಗರ ಜಗಳ'. ಮೊಸರಿನಲ್ಲಿ ಬೆಲ್ಲ ಹುದುಗಿಸಿ, ಮೇಲೆ ಕರಿ ಗುರೆಳ್ಳು ಹಿಂಡಿ ಉದುರಿಸಿದರೆ 'ಹುಣ್ಣಿಮಿ ಅಮಾಸಿ'. ಎಲ್ಲ ಮನೆಗಳಲ್ಲೂ ಹೀಗೇ ಉಣ್ಣುತ್ತಾರೆ, ಎಲ್ಲರೂ ಇವೇ ಹೆಸರುಗಳಿಂದ ಕರೆಯುತ್ತಾರೆ ಎಂದು ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ಅಷ್ಟು ಖಾತ್ರಿಯಿಂದ ಹೇಳುತ್ತಿದ್ದವಳು ನೀನು...

ಮದುವೆಯಾಗಿ ಇಳಕಲ್ಲಿಗೆ ಬಂದ ಮೊದಲ ಹಬ್ಬದ ಊಟವನ್ನು ನಿನಗೆ ನಾನು ಹೇಳಲೇ ಇಲ್ಲ. ನಾದಿನಿಯ ಗಂಡನ ಮನೆಯವರು ಬಂದಿದ್ದರು. ಪಂಕ್ತಿ ಕೂತಿತ್ತು. ಅತ್ತೆ ನೀಲವ್ವ ನನ್ನ ಕೈಗೆ ಹೋಳಿಗೆಯ ಪರಾತ ಕೊಟ್ಟು ಬಡಿಸಲು ಹೇಳಿದರು. ಹೊಸ ಸೊಸೆ, ಜಾಣೆ ಅನ್ನಿಸಿಕೊಳ್ಳುವ ಆಸೆ. ಒಳಗೆ ಹೋಗಿ ಪುಂಡಿಪಲ್ಯದ ಗಡಿಗೆ ಹುಡುಕಿದೆ. ಪ್ರತಿ ಹೋಳಿಗೆಗೂ ಪಲ್ಯ ಬಳಿದು, ಅಂದವಾಗಿ ಸುತ್ತಿ, ಹಿರಿಯ ಬೀಗರ ಎಲೆಗೇ ಮೊದಲು ಇಟ್ಟೆ. ಅವರು ಕಚ್ಚಿದರು. ಅವರ ಮೋರೆ ನೋಡಿ ಪಕ್ಕದವರೂ ಎಲೆಯಿಂದ ಕೈ ಎಳೆದುಕೊಂಡರು.

"ಏನಿದು?" ಎಂದರು ಅತ್ತೆ.

"ಬೀಗರ ಜಗಳ್ರಿ, ಅತ್ತಿ," ಎಂದೆ ನಾನು.

ಅವ್ವಾ, ನೀನಿದ್ದರೆ ಅಲ್ಲೇ ಬಿದ್ದು ಹೊರಳಾಡಿ ನಗುತ್ತಿದ್ದೆ. ಆಗ ಮಾತ್ರ ಯಾರೂ ನಗಲಿಲ್ಲ. ಬೀಗರು ಎಲೆ ಬಿಟ್ಟು ಎದ್ದೇಬಿಡುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಗಂಡನ ಸೋದರಮಾವ ಒಬ್ಬರು, "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರ. ಈ ಹುಡುಗಿಗೆ ಎರಡೂ ಬರಂಗಿಲ್ಲ" ಎಂದರು. ಆಗ ನಗೆ ಒಡೆಯಿತು. ಅದು ಬಹಳ ದಿನಗಳವರೆಗೆ ನಡೆದೇ ಇತ್ತು. ನೀರಿಗೆ ಹೋದರೆ ಬೇರೆ ಮನೆಯ ಹೆಂಗಸರು, "ಇವತ್ತೇನವಾ, ಜಗಳೋ ರಾಜಿಯೋ?" ಎಂದು ಕೇಳುತ್ತಿದ್ದರು. ಅತ್ತೆ ಮಾತ್ರ ನಗಲಿಲ್ಲ. "ನಿಮ್ಮವ್ವ ನಿನಗ ಇದನ್ನ ಕಲಿಸಿದ್ಲೇನು?" ಎಂದು ಒಂದೇ ಮಾತು ಕೇಳಿದರು. ಅಡುಗೆಮನೆಯ ಮೂಲೆಯಲ್ಲಿ ನಿಂತಾಗ ನನಗೆ ಎಲ್ಲ ಒಟ್ಟಿಗೇ ತಿಳಿಯಿತು. ಅವು ಊಟಗಳಲ್ಲ, ಮಾರಾಟವಾಗದೆ ಉಳಿದದ್ದು. ನಾವು ಬಡವರೆಂದು ನನಗೆ ಗೊತ್ತಾದದ್ದು ನಿನ್ನ ಮನೆಯಲ್ಲಲ್ಲ, ಹೊಟ್ಟೆ ತುಂಬ ಉಣ್ಣುವ ಗಂಡನ ಮನೆಯಲ್ಲಿ. ಸಿಟ್ಟು ಬರಲಿಲ್ಲ ಅವ್ವಾ. ನಿನ್ನ ಬಳಿಗೆ ಓಡಿಬರಬೇಕೆನ್ನಿಸಿತು, ಅಷ್ಟೆ.

ಪ್ಲೇಗಿನ ಬೇನೆ ಬಂದ ವರ್ಷ ನಾವೆಲ್ಲ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಬಾದಾಮಿಯಿಂದ ನೂಲು ತಂದ ಬಂಡಿಯವನು ಹತ್ತಿರ ಬರಲು ಹೆದರಿ, ದೂರದ ಬದುವಿನ ಮೇಲೆ ನಿಂತೇ ಕೂಗಿದ: "ಗಂಗವ್ವಾ, ನಿಮ್ಮವ್ವ ಹೋದಳಂತ! ರೊಟ್ಟಿ ಬಸವ್ವ ಹೋದಳಂತ!" ನಾನೂ ಅಷ್ಟು ದೂರದಿಂದಲೇ ಕೂಗಿ ಕೇಳಬೇಕಾಯಿತು, ಯಾರಿದ್ದರು ಜೊತೆಗೆ ಎಂದು. ಗಾಳಿಗೆ ಅವನಿಗೆ ಕೇಳಿಸಲಿಲ್ಲ. ಬಂಡಿ ತಿರುಗಿಸಿಕೊಂಡು ಹೋದ. ಬಾಯಿಗೆ ಯಾರಾದರೂ ನೀರು ಬಿಟ್ಟರೇ ಅವ್ವಾ?

ಅಂದಿನಿಂದ ನನ್ನ ಹೊಟ್ಟೆಯೊಳಗಿನ ಮಾತು ಆಡಲು ಜನವಿಲ್ಲ. ನನ್ನ ಗಂಡ ಒಳ್ಳೆಯವರು. ಬೆಳಗಾದರೆ ಮಗ್ಗದ ಕುಣಿಗೆ ಇಳಿದರೆಂದರೆ ದೀಪ ಹಚ್ಚುವ ಹೊತ್ತಿಗೆ ಮೇಲೆ ಬರುತ್ತಾರೆ. ಆ ಸದ್ದಿನಲ್ಲಿ ಏನು ಹೇಳಿದರೂ "ಹಾಂ?" ಎನ್ನುತ್ತಾರೆ. ನನಗೆ ಮಕ್ಕಳಾಗಲಿಲ್ಲ. 'ಪೂಜಾರಿ ಸಿಟ್ಟು' ಅಂದರೆ ಏನೆಂದು ತಿಳಿದವರು ಈ ಭೂಮಿಯ ಮೇಲೆ ಇಬ್ಬರೇ ಇದ್ದೆವು. ಈಗ ಒಬ್ಬಳು. ಒಮ್ಮೊಮ್ಮೆ ಮಧ್ಯಾಹ್ನ ಒಬ್ಬಳೇ ಕೂತು ಬಾಳೆಹಣ್ಣಿಗೆ ಹಿಂಡಿ ತುಂಬಿ ತಿನ್ನುತ್ತೇನೆ. ರುಚಿಯೇನೋ ಅದೇ ಇದೆ. ಬಾಯಿ ಉರಿದಾಗ ನಗುವವರಿಲ್ಲ.

ಪ್ರತಿ ವರ್ಷ ಈ ಅಮಾವಾಸ್ಯೆ ಬಂದರೆ ನನಗೆ ಸಂಕಟ. ಜಗಲಿಯ ಮುಂದೆ ಎಲೆ ಹಾಕಿ ಈ ಮನೆಯ ಹಿರಿಯರಿಗೆಲ್ಲ ಎಡೆ ಹಿಡಿಯುತ್ತೇವೆ. ಮಾವನವರಿಗೆ ಕಡಬು ಇಷ್ಟ, ಅವರ ತಾಯಿಗೆ ಗೋಧಿ ಹುಗ್ಗಿ. ಹೆಸರು ಹಿಡಿದು, ಸೇರುವುದನ್ನೇ ಬಡಿಸುತ್ತಾರೆ. ನಿನಗೆ? ನಿನಗೆ ಗಂಡು ಮಕ್ಕಳಿಲ್ಲ. ಕೊಟ್ಟ ಮಗಳು ತವರಿನವರಿಗೆ ಗಂಡನ ಮನೆಯಲ್ಲಿ ಎಡೆ ಹಿಡಿಯುವ ಪದ್ಧತಿಯಿಲ್ಲ. ಗುಡಿಗೆ ಬಂದವರನ್ನೆಲ್ಲ "ಉಣ್ರೆಪ್ಪಾ, ಉಣ್ರೆವ್ವಾ" ಎಂದು ಕರೆದವಳು, ಆ ದಿನ ಊರ ಹಿರಿಯರೆಲ್ಲ ಉಂಡು ಹೋಗುವಾಗ ನೀನೊಬ್ಬಳೇ ಯಾರ ಬಾಗಿಲಲ್ಲಿ ನಿಂತಿರುತ್ತೀಯೋ ಎಂದು ನನಗೆ ತುತ್ತು ಇಳಿಯುವುದಿಲ್ಲ.

ಹೋದ ಮಳೆಗಾಲ ಅತ್ತೆಗೆ ಜ್ವರ ಬಂದು ಬಾಯಿ ಕೆಟ್ಟುಹೋಯಿತು. ಗಂಜಿ ಬೇಡ, ಸಾರು ಬೇಡ. ಏನು ಕೊಟ್ಟರೂ ಮೋರೆ ತಿರುಗಿಸುವರು. ನನಗೂ ಸಾಕಾಗಿ, ಬಟ್ಟಲಲ್ಲಿ ಗಟ್ಟಿ ಮೊಸರು, ಒಳಗೆ ಬೆಲ್ಲ, ಮೇಲೆ ಗುರೆಳ್ಳು ಹಿಂಡಿ ಹಾಕಿ ಮುಂದಿಟ್ಟೆ. ಅತ್ತೆ ಕಣ್ಣು ಸಣ್ಣ ಮಾಡಿ ನೋಡಿದರು. ಬೆರಳ ತುದಿಯಲ್ಲಿ ನೆಕ್ಕಿದರು. ಆಮೇಲೆ ಬಟ್ಟಲು ನನಗೆ ತಿರುಗಿ ಬಂದಾಗ ತೊಳೆದಂತಿತ್ತು.

"ಇದಕ್ಕೂ ಹೆಸರ ಐತೇನ?" ಎಂದರು.

"ಹುಣ್ಣಿಮಿ ಅಮಾಸಿ ಅಂತಿದ್ಲ್ರಿ ನಮ್ಮವ್ವ."

"ಹೂಂ. ಆ ಜಗಳಾನೂ ಒಮ್ಮೆ ಮಾಡು. ಅವತ್ತ ಸಿಟ್ಟಿನಾಗ ನಾ ತಿಂದು ನೋಡಿದ್ದಿಲ್ಲ."

ಈಗ ಅತ್ತೆಗೆ ಪುಂಡಿಪಲ್ಯವಿಲ್ಲದೆ ಹೋಳಿಗೆ ಇಳಿಯುವುದಿಲ್ಲ, ಗೊತ್ತೇ? ಯಾರಾದರೂ ಬಂದರೆ ಮಾತ್ರ ಪಲ್ಯವನ್ನು ಹೋಳಿಗೆಯ ಅಡಿಯಲ್ಲಿ ಬಚ್ಚಿಟ್ಟುಕೊಂಡು ತಿನ್ನುತ್ತಾರೆ.

ನಿನ್ನೆ ಕಡಬಿಗೆ ಗೋಧಿ ಹಸನು ಮಾಡುತ್ತ ಕೂತಿದ್ದೆವು. ಅತ್ತೆ ಮೊರದಿಂದ ಕಣ್ಣು ಎತ್ತದೆ ಹೇಳಿದರು: "ಈ ಸಲ ಒಂದು ಎಲಿ ಹೆಚ್ಚಿಗಿ ಹಾಕು. ನಿಮ್ಮವ್ವಗ." "ಪದ್ಧತಿ ಇಲ್ಲಲ್ರಿ ಅತ್ತಿ," ಎಂದೆ. "ನನಗ ಉಣಸ್ಯಾಳ ಆಕಿ. ನಾ ಕರದ್ರ ಬರಂಗಿಲ್ಲೇನು?" ಎಂದರು. ಮೊರ ಕೊಡವುತ್ತ ಕೇಳಿದರು: "ನಿಮ್ಮವ್ವಗ ಏನು ಸೇರ್ತಿತ್ತು?"

ಅವ್ವಾ, ನಾನು ಬಗ್ಗಿ ಗೋಧಿ ಆರಿಸುತ್ತಲೇ ಇದ್ದೆ.

ನಿನಗೆ ಏನು ಸೇರುತ್ತಿತ್ತು? ನಿನ್ನೆಯಿಂದ ಇದೊಂದೇ ಕೇಳಿಕೊಳ್ಳುತ್ತಿದ್ದೇನೆ. ಬೀಗರ ಜಗಳ ನನಗೆ ಸೇರುತ್ತಿತ್ತು. ಹುಣ್ಣಿಮಿ ಅಮಾಸಿ ನನಗೆ ಸೇರುತ್ತಿತ್ತು. ಆ ಹೆಸರುಗಳೆಲ್ಲ ನನ್ನ ಬಾಯಿ ನೋಡಿ ಇಟ್ಟದ್ದು. ನೀನು ನನ್ನ ನಂತರ ಉಣ್ಣುತ್ತಿದ್ದೆ, ಒಲೆಯ ಕಡೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು. ನಾನು ಬಿಟ್ಟದ್ದೇ ನಿನ್ನ ಊಟ. ಕೇಳಿದರೆ, "ನನಗ ಎಲ್ಲಾ ಸೇರ್ತೈತಿ ಬಿಡು" ಎನ್ನುತ್ತಿದ್ದೆ. ಮಾವನವರ ಕಡಬನ್ನು ನೆನಪಿಡಲು ಜನವಿದ್ದಾರೆ. ನಿನ್ನದನ್ನು ನೆನಪಿಡಬೇಕಾದವಳು ನಾನೊಬ್ಬಳೇ, ನನಗೇ ಗೊತ್ತಿಲ್ಲ.

ಇವತ್ತು ಮುಂಜಾನೆ ರೊಟ್ಟಿ ಬಡಿಯುವಾಗ ಒಂದು ದಿನ ನೆನಪಾಯಿತು. ಬೆಳಗಿನಿಂದ ಮಳೆ ಹಿಡಿದು, ಹಳ್ಳ ಬಂದು, ಬಾದಾಮಿಯ ದಾರಿ ಕಟ್ಟಿಹೋಗಿತ್ತು. ಗುಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ, ಬುಟ್ಟಿ ಕಟ್ಟುವ ಕೆಲಸವಿರಲಿಲ್ಲ. ನೀನು ನಮ್ಮಿಬ್ಬರಿಗೇ ಎಂದು ಹಿಟ್ಟು ನಾದಿದೆ. ಹಂಚಿನಿಂದ ಮೊದಲ ರೊಟ್ಟಿ ಉಬ್ಬಿ ಬಂತು. ಅದನ್ನು ನನಗೆ ಕೊಡಲಿಲ್ಲ ನೀನು! ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತ, ಮುರಿದು, ಹಬೆಯಾಡುವಾಗಲೇ ಬಾಯಿಗಿಟ್ಟುಕೊಂಡೆ. ಕಣ್ಣು ಮುಚ್ಚಿದ್ದೆ. ನಾನು ಮೊಸರಿನ ಗಡಿಗೆ ತಂದರೆ ತಲೆಯಾಡಿಸಿದೆ. "ಏನೂ ಬ್ಯಾಡ ಗಂಗಿ. ಬರೇ ರೊಟ್ಟಿ. ದಿನಾ ಮಂದೀಗೆ ಬಿಸೀದು, ನಮಗ ಆರಿದ್ದು. ಬಿಸಿ ರೊಟ್ಟಿ ಹೆಂಗಿರತೈತಿ ಅನ್ನೋದ ಮರತಿದ್ದೆ ನೋಡು."

ಅದೊಂದೇ ದಿನ ನೀನು ಉಣ್ಣುವಾಗ ನಿನ್ನ ಮುಖ ಕಂಡೆ. ಅದರಿಂದ ಹೇಳಬಹುದೇ, ಇದೇ ನಿನಗೆ ಸೇರುತ್ತಿತ್ತು ಎಂದು? ಉಳಿದದ್ದಕ್ಕೆಲ್ಲ ಜೊತೆ ಹುಡುಕಿದವಳಿಗೆ, ಜೊತೆ ಏನೂ ಬೇಡದ ಒಂದು ರೊಟ್ಟಿ... ತಪ್ಪಿದ್ದರೆ ಬಯ್ಯಿ. ಬೈದರೂ ಸರಿ, ನಿನ್ನ ದನಿಯಾದರೂ ಕೇಳಲಿ.

ಅತ್ತೆಗೆ ಹೇಳಿದೆ. "ಎಡಿಗೆ ಬರೇ ರೊಟ್ಟಿ ಇಡ್ತಾರೇನ? ಉಳದ ಹಿರೇರು ನೋಡಿದ್ರ ಏನಂದಾರು?" ಎಂದು ಮೊದಲು ಗದರಿದರು. ಆಮೇಲೆ ಅವರೇ ಯೋಚಿಸಿ, "ಎಲ್ಲಾರದೂ ಬಡಿಸಿ ಮುಗೀಲಿ. ಕಡೀಗೆ ನಾ ಒಲಿ ಮುಂದ ಕೂತು ಬಡೀತೇನಿ, ನೀ ಹಂಚಿನ ಮ್ಯಾಲಿಂದ ಎತ್ತಿಗೊಂಡು ಓಡು" ಎಂದರು.

ಹಾಗಾಗಿ ಅವ್ವಾ, ನಾಳೆ ಮಧ್ಯಾಹ್ನ ಇಳಕಲ್ಲಿಗೆ ಬಾ. ಮಗ್ಗದ ಸದ್ದು ನಾಳೆ ಇರುವುದಿಲ್ಲ, ಕರೆದದ್ದು ನಿನಗೆ ಕೇಳಿಸುತ್ತದೆ. ಕಡೆಯ ಎಲೆ ನಿನ್ನದು. ಪಲ್ಯ, ಹಿಂಡಿ, ಮೊಸರು ಏನೂ ಹಾಕುವುದಿಲ್ಲ. ಈ ಸಲ ನೀನು ಬೆನ್ನು ತಿರುಗಿಸಬೇಡ. ನಾನು ಎದುರಿಗೇ ಕೂತಿರುತ್ತೇನೆ. ಮಂದಿಯ ಬಾಗಿಲಲ್ಲೆಲ್ಲ ನಿಂತು ತಡ ಮಾಡಬೇಡ. ರೊಟ್ಟಿ ಆರುವುದರೊಳಗೆ ಬಾ.

ನಿನ್ನ ಗಂಗಿ