ನಿಡೋಣಿ ಕಲ್ಲಿನ ಹೆಸರು

೩ ನವೆಂಬರ್ ೧೯೭೪, ಭಾನುವಾರ

ಸಿದ್ಧೇಶ್ವರ ಗುಡಿಯ ಹಿಂದಿನ ಕೋಣೆ ಗುಡಿಸಿ ಚಾಪೆ ಹಾಸಿದೆ. ಇತಿಹಾಸ ಮಂಡಳದ ಕಾರ್ಯದರ್ಶಿ ನಾನು, ಕಸಬರಿಗೆಯೂ ನನ್ನದೇ. ಸದಸ್ಯರು ಬಂದರು. ಇಂದೂ ಮುನೀರಾಳದೇ ಮಾತು. ಧಾರವಾಡದಲ್ಲಿ ಎಂ.ಎ. ಮಾಡಿ ಬಂದ ಹುಡುಗಿ. ಕಲ್ಲಿನ ಮೇಲೆ ಒದ್ದೆ ಕಾಗದ ಹಚ್ಚಿ, ಮಸಿ ತಟ್ಟಿ ಅಚ್ಚು ತೆಗೆಯುತ್ತಾಳೆ. ನಾನೂ ತೆಗೆಯುತ್ತಿದ್ದೆ... ಆಗ ಯಾರೂ ಸುತ್ತ ನೆರೆದು ನೋಡಿರಲಿಲ್ಲ. ಅಧ್ಯಕ್ಷರು ಅಮರಪ್ಪನವರು, ನಿವೃತ್ತ ಹೆಡ್‌ಮಾಸ್ತರು, ಅವಳಿಗೆ ತಮ್ಮ ಭೂತಗನ್ನಡಿಯನ್ನೇ ಕೊಟ್ಟುಬಿಟ್ಟರು. ಒಮ್ಮೆ ನಾನು ಕೇಳಿದಾಗ ಒಡೆದೀತು ಎಂದಿದ್ದರು.

೧೭ ನವೆಂಬರ್, ಭಾನುವಾರ

ಎಲ್ಲರೂ ಬಬಲೇಶ್ವರದ ಬಸ್ಸು ಹಿಡಿದು ನಿಡೋಣಿಗೆ ಹೋದೆವು. ಬಾವಿ ದಂಡೆಯ ಶಾಸನದ ಕಲ್ಲು. ಅದನ್ನು ಮೊದಲು ಓದಿದವಳು ನಾನು. 'ಮಾರಯ್ಯ ಬಾವಿಯಂ ಕಟ್ಟಿಸಿದ' — ಮುಂದೆ ಸವೆದಿದೆ. ಮಂಡಳದ ಪುಸ್ತಿಕೆಯಲ್ಲಿ ಅಚ್ಚಾಗಿದೆ, ಕೆಳಗೆ ಕಾಶಿಬಾಯಿ ಎಂದು ನನ್ನ ಹೆಸರು. ನನ್ನ ಹೆಸರು ಅಚ್ಚಾದದ್ದು ಅದೊಂದೇ ಕಡೆ.

ಮುನೀರಾ ಅಚ್ಚು ತೆಗೆದು ಬಿಸಿಲಿಗೆ ಹಿಡಿದಳು. ನನ್ನನ್ನು ಬದಿಗೆ ಕರೆದಳು.

"ಅಕ್ಕೋರ, ಇದು 'ಯ್ಯ' ಅಲ್ಲ ಅನಸ್ತೈತ್ರಿ. 'ವ್ವೆ' ಇರಬೇಕು. ಮಾರವ್ವೆ. ಕಡೀಕ 'ಳ್' ಕಂಡಂಗ ಆಗ್ತೈತಿ. ಕಟ್ಟಿಸಿದಾಕಿ ಹೆಣ್ಣಮಗಳು. ನೀವೊಮ್ಮೆ ನೋಡ್ರಿ."

ನೋಡಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದೆ. ಬೇರೆಯವರೆದುರು ಅವಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು.

೨೦ ನವೆಂಬರ್, ಸಂಜೆ

ಸಾಲೆಯಲ್ಲಿ ಪಾಠ ಮುಗಿಸಿ ಬರುವಾಗ ಲಾಡಲೇಸಾಬರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಮುನೀರಾಳ ತಂದೆ. ಗಡಿಯಾರ ರಿಪೇರಿಯ ಅಂಗಡಿ ಇದೆ. ನಾನು ಕೊಟ್ಟ ಚಹಾ ಮುಟ್ಟಲಿಲ್ಲ.

"ಆಯಿತವಾರ ಬಂತಂದ್ರ ಮಗಳು ಗಂಡಸರ ಜೋಡಿ ಊರೂರು ತಿರಗತಾಳ. ಮಂದಿ ಆಡಿಕೋಳಾಕತ್ತಾರ್ರಿ. ನೀವು ದೊಡ್ಡವರು. ಹೂಂ ಅಂದ್ರ ಕಳಸ್ತೇನಿ, ಬ್ಯಾಡ ಅಂದ್ರ ಇಲ್ಲ."

ಒಂದು 'ಹೂಂ' ಸಾಕಿತ್ತು.

"ಮಗಳು ನಿಮ್ಮಾಕಿ. ನಾ ಏನ ಹೇಳ್ಲಿರಿ?" ಎಂದೆ.

ಅವರಿಗೆ ಅರ್ಥವಾಯಿತು. ಕೈಮುಗಿದು ಎದ್ದರು. ಚಹಾ ನಾನೇ ಕುಡಿದೆ, ಆರಿತ್ತು. ಸುಳ್ಳಂತೂ ಹೇಳಲಿಲ್ಲವಲ್ಲ...

೮ ಡಿಸೆಂಬರ್, ಭಾನುವಾರ

ಮುನೀರಾ ಮಂಡಳಕ್ಕೆ ಬರುತ್ತಿಲ್ಲ. ಅಮರಪ್ಪನವರು ಪ್ರತಿ ಸಲ ಬಾಗಿಲ ಕಡೆ ನೋಡುತ್ತಾರೆ.

ಇಂದು ತಿಕೋಟಾ ಸಾಲೆಯಲ್ಲಿ ಮಂಡಳದ ವಾರ್ಷಿಕ ಸಭೆ. ಭಾಷಣ ನನ್ನದು. ನಿಡೋಣಿ ಕಲ್ಲಿಗೆ ಬಂದಾಗ ಒಂದು ಗಳಿಗೆ ತಡವರಿಸಿ, ಮಾರಯ್ಯ ಎಂದೇ ಹೇಳಿದೆ. ಚಪ್ಪಾಳೆ ಬಿತ್ತು, ಹಾರ ಹಾಕಿದರು. ಬಯಸಿದ್ದೆಲ್ಲ ಸಿಕ್ಕಿತು. ಬಸ್ಸಿನಲ್ಲಿ ಅಮರಪ್ಪನವರು ಪಕ್ಕದಲ್ಲೇ ಕೂತರು. ಭಾಷಣದ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾದೆ. "ಆ ಹುಡುಗಿ ಇರಬೇಕಾಗಿತ್ರಿ" ಎಂದರು.

ಇಲ್ಲದಿದ್ದರೂ ಅವಳೇ.

೧೩ ಡಿಸೆಂಬರ್

ಲಾಡಲೇಸಾಬರ ಅಂಗಡಿಯಲ್ಲಿ ಮುನೀರಾ ಕೂತಿದ್ದಳು. ಮುಳ್ಳು ಕಳಚಿದ ಗಡಿಯಾರ ಒರೆಸುತ್ತಿದ್ದಳು. ದಾಟಿ ಹೋಗಬೇಕೆಂದಿದ್ದೆ, ಅವಳೇ ಎದ್ದು ಸ್ಟೂಲು ಕೊಟ್ಟಳು. ಭಾಷಣ ಛಲೋ ಆಯಿತಂತೆ ಎಂದಳು. ಯಾವ ಹೆಸರು ಹೇಳಿದಿರಿ ಎಂದು ಕೇಳಲಿಲ್ಲ. ಕುಟುಕಿ ಆಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಇಲ್ಲ. ಬೆರಳುಗಳಲ್ಲಿ ಮಸಿ ಇರಲಿಲ್ಲ, ಎಣ್ಣೆ ಇತ್ತು.

ಎದ್ದು ಬರಬಹುದಿತ್ತು. ಲಾಡಲೇಸಾಬರು ಬರುವ ತನಕ ಕೂತೆ.

"ನಾ ಜೋಡಿ ಇರ್ತೇನ್ರಿ. ಕರಕೊಂಡ ಹೋಗಿ ಕರಕೊಂಡ ಬರ್ತೇನಿ. ಮಂದಿ ಏನರ ಅಂದ್ರ ನನ್ನ ಹತ್ರ ಕಳಸ್ರಿ" ಎಂದೆ.

ಅವರು ಮಗಳ ಕಡೆ ನೋಡಿದರು. ಆ ದಿನವೇ ಇದನ್ನು ಹೇಳಿದ್ದರೆ ಮನೆಯಲ್ಲಿ ಇಷ್ಟು ಅಳು ಇರುತ್ತಿರಲಿಲ್ಲ ಎಂದರು. ಆದರೂ ಕಳಿಸುತ್ತೇನೆ ಎಂದರು.

೨೨ ಡಿಸೆಂಬರ್, ಭಾನುವಾರ

ನಿಡೋಣಿಗೆ ನಾವಿಬ್ಬರೇ. ಮುನೀರಾ ಬುಟ್ಟಿಯಿಂದ ಕಾಗದ ತೆಗೆಯುವ ಮೊದಲೇ ಕಲ್ಲಿನ ಮುಂದೆ ಕೂತು ನೀರು ಹಾಕಿ ತಿಕ್ಕಿದೆ. ಬೆರಳಾಡಿಸಿದೆ. 'ವ್ವೆ'. ಎಷ್ಟು ಸಲ ಸವರಿದರೂ ಅದೇ. ಒಬ್ಬ ಹೆಂಗಸಿನ ಬಾವಿಯನ್ನು ಗಂಡಸಿಗೆ ಬರೆದುಕೊಟ್ಟಿದ್ದೆ — ಹೆಂಗಸಾಗಿ ನಾನೇ.

"ನಿಂದ ಖರೆ" ಎಂದೆ. ಅವಳು ತಲೆ ತಗ್ಗಿಸಿದಳು. ನಗಲೂ ಇಲ್ಲ, ಪುಣ್ಯಾತಗಿತ್ತಿ.

ಸಂಜೆ ಅಮರಪ್ಪನವರ ಮನೆಗೆ ಹೋಗಿ, ಪುಸ್ತಿಕೆಯ ತಪ್ಪು ತಿದ್ದಬೇಕು, ತಿದ್ದುಪಡಿ ಮುನೀರಾಳ ಹೆಸರಿನಲ್ಲೇ ಬರಬೇಕು ಎಂದೆ. ನಿಮ್ಮದು ದೊಡ್ಡ ಮನಸ್ಸು ಎಂದರು. ಮನೆಯವರನ್ನು ಕರೆದು ಅದನ್ನೇ ಹೇಳಿದರು. ಮರುಗಳಿಗೆಗೆ ನಾನು ಒಯ್ದಿದ್ದ ಮುನೀರಾಳ ಅಚ್ಚನ್ನು ದೀಪಕ್ಕೆ ಹಿಡಿದು, "ಆದರೂ ಆ ಹುಡುಗಿ ಕಣ್ಣು ನೋಡ್ರಿ, ಎಂಥಾ ಕಣ್ಣು" ಎಂದರು.

ಅಚ್ಚನ್ನು ಅವರ ಕೈಯಲ್ಲೇ ಬಿಟ್ಟು ಎದ್ದು ಬಂದೆ. ನನಗೆ ದೊಡ್ಡ ಮನಸ್ಸು ಬೇಕಿರಲಿಲ್ಲ. ಬೇಕಿದ್ದದ್ದು ಆ ಕಣ್ಣು...